ಜಗುಲಿಯ ಮೇಲೆ ಕೂರಿಸಿದವರು

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಫೋನ್ ಮಾಡಿ, "ಮೇಡಂ, ಏನಾದ್ರೂ ಟಿಪ್ಸ್ ಹೇಳಿ" ಅನ್ನುತ್ತಾರೆ. ನಾನು ಹೇಳುವುದು ಒಂದೇ. ನೀರು ಕುಡಿಯಿರಿ. ಅವರು ನಗುತ್ತಾರೆ. ಸಂಶೋಧನೆಯ ಬಗ್ಗೆ ಏನೋ ಘನವಾದ ಮಾತು ಬರುತ್ತದೆ ಎಂದು ಕಾದವರಿಗೆ ನಿರಾಸೆಯಾಗುವುದು ಸಹಜ. ಆದರೆ ಇಷ್ಟು ವರ್ಷ ಬೀದಿ ಸುತ್ತಿ ನಾನು ಕಲಿತದ್ದರಲ್ಲಿ ಇದಕ್ಕಿಂತ ಘನವಾದದ್ದು ಇನ್ನೊಂದಿಲ್ಲ.

ಬೆಳಿಗ್ಗೆ ವಿಜಯನಗರದಲ್ಲಿ ಬಸ್ ಹತ್ತಿದರೆ ಮತ್ತೆ ಮನೆ ಸೇರುತ್ತಿದ್ದುದು ದೇವರಿಗೆ ದೀಪ ಹಚ್ಚುವ ಹೊತ್ತಿಗೆ. ನಡುವೆ ಎಲ್ಲಿ ಹೋಗುವುದು? ಗಂಡಸರು ಎಲ್ಲಾದರೂ ಒಂದು ಗೋಡೆ ನೋಡಿಕೊಳ್ಳುತ್ತಾರೆ. ನಮಗೆ ಗೋಡೆ ಇಲ್ಲ. ಒಬ್ಬ ಹೆಂಗಸಿನ ಎದುರು ಕೂತು ಅವಳ ಮುಟ್ಟು, ಬಸಿರು, ಬಾಣಂತನ, ಗಂಡನ ಜೊತೆಗಿನ ಸಂಗತಿ ಎಲ್ಲ ಕೇಳುತ್ತಿದ್ದೆವು. "ನಿಮ್ಮ ಬಚ್ಚಲುಮನೆ ಎಲ್ಲಿ?" ಎಂದು ಕೇಳಲು ಮಾತ್ರ ನಾಚಿಕೆ. ಹೀಗಾಗಿ ನೀರನ್ನೇ ಬಿಟ್ಟೆವು. ಬೇಸಿಗೆಯಲ್ಲೂ ಎರಡು ಗುಟುಕು ಕುಡಿದು ಬಾಟಲಿಯ ಮುಚ್ಚಳ ತಿರುಗಿಸಿಬಿಡುತ್ತಿದ್ದೆವು. ಇದರ ಬಡ್ಡಿಯನ್ನು ಮೈ ಆಮೇಲೆ ವಸೂಲಿ ಮಾಡುತ್ತದೆ. ಆ ಮಾತು ಕೊನೆಗೆ ಬರುತ್ತದೆ.

ನಮ್ಮದು ಹೆಂಗಸರ ಆರೋಗ್ಯದ ಸಂಶೋಧನೆ. ದೊಡ್ಡ ಡಾಕ್ಟರುಗಳು, ಹೊರದೇಶದ ಪ್ರೊಫೆಸರುಗಳು ಪ್ರಶ್ನೆ ಬರೆಯುತ್ತಿದ್ದರು. ಮನೆಮನೆಗೆ ಹೋಗಿ ಅವನ್ನು ಕೇಳಿಬರುವವರು ನಾವು. ಮೊದಮೊದಲು ನನ್ನನ್ನು ಇನ್ವೆಸ್ಟಿಗೇಟರ್ ಅನ್ನುತ್ತಿದ್ದರು, ಆಮೇಲೆ ಸೂಪರ್‌ವೈಸರ್ ಅಂದರು. ಹೆಸರು ಬದಲಾದಾಗ ಬ್ಯಾಗಿನ ಭಾರ ಹೆಚ್ಚಾಯಿತು, ಅಷ್ಟೇ. ಜನ ನಮ್ಮನ್ನು ಏನೆಂದು ತಿಳಿಯುತ್ತಿದ್ದರೋ ಹೇಳಲಾಗದು. ಸೆನ್ಸಸ್ಸಿನವರು, ವೋಟರ್ ಲಿಸ್ಟಿನವರು, ಪೋಲಿಯೋದವರು, ಸೋಪು ಮಾರುವವರು. "ಏನ್ ಕೊಡ್ತೀರಾ?" ಎಂಬುದು ಎಲ್ಲ ಬಾಗಿಲಲ್ಲೂ ಮೊದಲ ಪ್ರಶ್ನೆ. ಏನೂ ಕೊಡುವುದಿಲ್ಲ, ಕೇಳಲು ಬಂದಿದ್ದೇವೆ ಎಂದರೆ ಅರ್ಧ ಬಾಗಿಲು ಮುಚ್ಚುತ್ತಿದ್ದವು. ಅವರದ್ದೂ ತಪ್ಪಿಲ್ಲ.

ಬ್ಯಾಡರಹಳ್ಳಿಯ ಒಂದು ಮನೆ ನೆನಪಾಗುತ್ತದೆ. ಮನೆಯಲ್ಲಿ ಏನೇನು ಸಾಮಾನಿದೆ ಎಂದು ಕೇಳುವ ಭಾಗವೊಂದು ನಮ್ಮ ಪ್ರಶ್ನೆಗಳಲ್ಲಿರುತ್ತಿತ್ತು. ಪಕ್ಕದ ಮನೆಯಲ್ಲಿ ಅದನ್ನು ಕೇಳುವುದು ಈ ಮನೆಯಾಕೆಯ ಕಿವಿಗೆ ಬಿದ್ದಿದೆ. ನಾನು ಒಳಗೆ ಹೋಗುವಷ್ಟರಲ್ಲಿ ಮೂಲೆಯಲ್ಲಿ ಆಳೆತ್ತರದ ಏನೋ ಒಂದಕ್ಕೆ ಹಳೇ ರೇಷ್ಮೆ ಸೀರೆ ಹೊದಿಸಿ, ಮೇಲೊಂದು ದೇವರ ಫೋಟೋ ಇಟ್ಟಿದ್ದಳು.

"ಅದೇನಮ್ಮಾ?" ಎಂದೆ.

"ದೇವ್ರ ಗೂಡು ಮೇಡಂ."

ಸೀರೆಯೊಳಗಿಂದ ಗುರ್ರ್ ಎಂದು ಸದ್ದು ಬರುತ್ತಿತ್ತು. "ನಿಮ್ಮ ದೇವರು ಗೊರಕೆ ಹೊಡೀತಾ ಇದಾನೆ" ಎಂದೆ.

ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕು, "ಕಾರ್ಡ್ ಕಿತ್ಕೊಳಲ್ಲ ತಾನೆ ಮೇಡಂ? ಫ್ರಿಜ್ ಇದ್ರೆ ಬಿಪಿಎಲ್ ಹೋಗುತ್ತೆ ಅಂತಾರೆ" ಎಂದಳು. ಇಲ್ಲ ಎಂದು ಆಣೆ ಮಾಡಿದ ಮೇಲೆಯೇ ಸೀರೆ ಸರಿಸಿದ್ದು. ಫ್ರಿಜ್ಜನ್ನೇ ಬಚ್ಚಿಡುವವರು ಗರ್ಭಪಾತದ ವಿಷಯವನ್ನು ನಮಗೆ ಯಾಕೆ ಹೇಳಬೇಕು ಎಂದು ಅವತ್ತು ಬಸ್ಸಿನಲ್ಲಿ ಯೋಚಿಸಿದ್ದೆ. ಆದರೂ ಹೇಳುತ್ತಿದ್ದರು. ಯಾರಾದರೂ ಕೇಳಿದರೆ ಸಾಕು ಎಂದು ಕಾದವರ ಹಾಗೆ ಹೇಳುತ್ತಿದ್ದರು.

ಅವರು ಹೇಳಬೇಕೆಂದರೆ ಹತ್ತಿರ ಬೇರೆ ಯಾರೂ ಇರಬಾರದು. ಎಲ್ಲ ಕಷ್ಟವೂ ಇಲ್ಲೇ. ಒಂದು ರೂಮು, ಒಂದು ಅಡುಗೆಮನೆ ಇರುವ ಕಡೆ ಹೆಂಗಸೊಬ್ಬಳನ್ನು ಒಂಟಿಯಾಗಿ ಹಿಡಿಯುವುದು ಹೇಗೆ? ಗಂಡ ಕೆಲಸಕ್ಕೆ ಹೋಗಿರುತ್ತಾನೆ, ಮಕ್ಕಳನ್ನು ಬೀದಿಗೆ ಅಟ್ಟಬಹುದು. ಅತ್ತೆ ಮಾತ್ರ ಎಲ್ಲೂ ಹೋಗುವುದಿಲ್ಲ. ಅತ್ತೆಯ ಎದುರು ಸೊಸೆಯ ಬಾಯಿಂದ "ಹೂಂ", "ಇಲ್ಲ" ಬಿಟ್ಟು ಮೂರನೇ ಮಾತು ಹೊರಡುವುದಿಲ್ಲ.

ಅದಕ್ಕೆ ನಾವೊಂದು ಉಪಾಯ ಮಾಡಿಕೊಂಡಿದ್ದೆವು. ಜಗುಲಿ ಡ್ಯೂಟಿ ಎಂದು ಅದಕ್ಕೆ ಹೆಸರು. ಇಬ್ಬರು ಹೋಗುವುದು. ಒಬ್ಬಳು ಒಳಗೆ ಸೊಸೆಯ ಜೊತೆ ಕೂತು ನಿಜವಾದ ಪ್ರಶ್ನೆ ಕೇಳುವುದು. ಇನ್ನೊಬ್ಬಳು, "ಅಮ್ಮಾ, ನಿಮ್ಮ ಹತ್ರಾನೂ ಸ್ವಲ್ಪ ಕೇಳೋದಿದೆ, ಇಲ್ಲಿ ಗಾಳಿ ಚೆನ್ನಾಗಿದೆ ಬನ್ನಿ" ಎಂದು ಅತ್ತೆಯನ್ನು ಹೊರಗೆ ಕರೆದು ಹುಸಿ ಪ್ರಶ್ನೆ ಕೇಳುವುದು. ನಿಮ್ಮ ಕಾಲದಲ್ಲಿ ಹೆರಿಗೆ ಹೇಗಿತ್ತು, ಬಾಣಂತಿಗೆ ಏನು ಕೊಡುತ್ತಿದ್ದರು, ಸೂಲಗಿತ್ತಿ ಯಾರು, ಹೀಗೆ. ಈ ಪ್ರಶ್ನೆಗಳನ್ನು ಕಟ್ಟಿದವಳು ನಾನೇ. ಮುದುಕಿಯರಿಗೆ ಇದಕ್ಕಿಂತ ರುಚಿಯಾದ ವಿಷಯ ಇಲ್ಲವೆಂದು ನನಗೆ ಗೊತ್ತಿತ್ತು. ಉತ್ತರಗಳನ್ನು ಎಲ್ಲೂ ಬರೆದುಕೊಳ್ಳುತ್ತಿರಲಿಲ್ಲ. ಪೆನ್ನು ಸುಮ್ಮನೆ ಆಡುತ್ತಿತ್ತು. ಐವತ್ತರ ಆಚೆಯ ಹೆಂಗಸರು ನಮ್ಮ ಅಧ್ಯಯನದ ಲೆಕ್ಕದಲ್ಲೇ ಇರಲಿಲ್ಲ. ಹೆರುವ ವಯಸ್ಸು ಮುಗಿದರೆ ನಮ್ಮ ಪಾಲಿಗೆ ಹೆಂಗಸೂ ಮುಗಿದಳು.

ತರಬೇತಿಯಲ್ಲಿ ಇದನ್ನು ನಾಟಕ ಮಾಡಿ ತೋರಿಸುತ್ತಿದ್ದೆವು. ಅತ್ತೆಯ ಪಾತ್ರಕ್ಕೆ ಕಾಯಂ ನಾನೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಬ್ಬು ಗಂಟಿಕ್ಕಿ, "ಏನೇ ಅದು ಒಳಗೆ ಗುಸುಗುಸು?" ಎನ್ನುತ್ತಿದ್ದೆ. ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಅತ್ತೆ ಎಂದರೆ ಬಾಗಿಲಲ್ಲಿ ಮಲಗಿದ ನಾಯಿ, ಅದನ್ನು ದಾಟಿ ಒಳಗೆ ಹೋಗಬೇಕು ಎಂಬುದೇ ನಮ್ಮೆಲ್ಲರ ತಿಳಿವಳಿಕೆ.

ನಮ್ಮ ಮೇಲಿನವರು ಡಾಕ್ಟರ್ ವಸುಂಧರಾ ಮೇಡಂ. ಕಡಿಮೆ ಮಾತಿನ ಮನುಷ್ಯರು. ಬೈಯುವಾಗಲೂ ದನಿ ಏರಿಸುತ್ತಿರಲಿಲ್ಲ, ಅದಕ್ಕೇ ಹೆಚ್ಚು ಭಯ. ಅವರ ಕಟ್ಟಳೆ ಒಂದು: "ಒಳಗಿನ ಮಾತು ಜಗುಲಿಗೆ ಬರಬಾರದು, ಜಗುಲಿ ಮಾತು ಒಳಗೆ ಹೋಗಬಾರದು." ಇದು ಪುಸ್ತಕ ನೋಡಿ ಮಾಡಿದ ಕಟ್ಟಳೆಯಲ್ಲ. ಅದರ ಹಿಂದೆ ಕಾಮಾಕ್ಷಿಪಾಳ್ಯದ ಒಂದು ಭಾನುವಾರ ಇತ್ತು.

ಅಲ್ಲಿಯ ಗಾರ್ಮೆಂಟ್ಸ್ ಹೆಂಗಸರು ವಾರವೆಲ್ಲ ಮಿಷನ್ನಿನ ಮುಂದೆ, ಭಾನುವಾರ ಬಟ್ಟೆ ಒಗೆಯುವ ಕಲ್ಲಿನ ಮುಂದೆ. ನಾವು ಆ ಕಲ್ಲಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದೆವು. ಒಬ್ಬ ಹುಡುಗಿ, ಮದುವೆಯಾಗಿ ಕೆಲವು ವರ್ಷವಾಗಿತ್ತು, ಮಕ್ಕಳಿಲ್ಲ. ಅತ್ತೆ ಹೊರಗೆ ಕೂತು ಬಂಜೆ ಬಂಜೆ ಎಂದು ಹಾಡಿಕೊಳ್ಳುತ್ತಿದ್ದಳು. ನಮ್ಮ ತಂಡದ ಒಬ್ಬಳಿಗೆ ಅದನ್ನು ಕೇಳಿಸಿಕೊಂಡಿರಲಾಗಲಿಲ್ಲ. "ಬಂಜೆ ಅಲ್ಲ ಕಣಮ್ಮಾ, ಅವಳೇ ಸದ್ಯಕ್ಕೆ ಬೇಡ ಅಂತ ಮಾತ್ರೆ ತಗೋತಾ ಇದಾಳೆ, ಸುಮ್ಮನೆ ಬೈಬೇಡಿ" ಎಂದುಬಿಟ್ಟಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಸಂಜೆಯ ಹೊತ್ತಿಗೆ ಆ ಹುಡುಗಿ ಬಟ್ಟೆಯ ಗಂಟು ಹಿಡಿದು ಮಾಗಡಿ ರೋಡಿನ ಬಸ್ ಸ್ಟಾಪಿನಲ್ಲಿ ನಿಂತಿದ್ದಳು. ಮೇಡಂ ತಾವೇ ಹೋಗಿ ಅವಳನ್ನು ತವರಿಗೆ ಕಳಿಸಿಬಂದರು. ಮಾರನೇ ದಿನ ನಮ್ಮೆಲ್ಲರನ್ನೂ ಕೂರಿಸಿ ಆ ಕಟ್ಟಳೆ ಹೇಳಿದರು. ಅದನ್ನು ನಾನು ಯಾವತ್ತೂ ಮುರಿಯಲಿಲ್ಲ. ಮುರಿಯುವ ಆಸೆ ಹತ್ತಿದ್ದು ಒಂದೇ ಸಲ, ಕೆಂಗೇರಿ ಪಕ್ಕದ ಉಲ್ಲಾಳದಲ್ಲಿ.

ಅಷ್ಟರಲ್ಲಿ ನಮ್ಮ ಕೈಗೆ ಕಾಗದದ ಬದಲು ಟ್ಯಾಬ್ ಬಂದಿತ್ತು. ನನ್ನ ಕಣ್ಣಿಗೂ ಬೆರಳಿಗೂ ಅದು ಒಗ್ಗಲೇ ಇಲ್ಲ. ಕಾಗದವಾದರೆ ಅಂಚಿನಲ್ಲಿ ಎರಡು ಸಾಲು ಹೆಚ್ಚಿಗೆ ಗೀಚಬಹುದಿತ್ತು. ಟ್ಯಾಬಿನಲ್ಲಿ ಅಂಚೇ ಇಲ್ಲ. ವಯಸ್ಸು ಐವತ್ತರ ಮೇಲೆ ಒತ್ತಿದರೆ ಧನ್ಯವಾದ ಎಂದು ತೋರಿಸಿ ಮುಚ್ಚಿಕೊಳ್ಳುತ್ತಿತ್ತು.

ಉಲ್ಲಾಳದ ಆ ಮನೆ ಹಳೇ ಊರಿನವರದ್ದು. ಇದ್ದ ಹೊಲದಲ್ಲಿ ಅರ್ಧ ಲೇಔಟಾಗಿ, ಉಳಿದದ್ದರಲ್ಲಿ ಬಾಡಿಗೆಗೆ ಬಿಲ್ಡಿಂಗ್ ಎದ್ದಿತ್ತು. ಅದರ ನೆರಳಲ್ಲಿ ಹಳೇ ಹೆಂಚಿನ ಮನೆ, ಪಕ್ಕದಲ್ಲಿ ಒಂದೇ ಒಂದು ಹಸು. ಅತ್ತೆ ನಂಜಮ್ಮ, ಅರವತ್ತು ದಾಟಿದವರು. ಸೊಸೆ ಶೋಭಾ. ಮಗ ಬಾಡಿಗೆ, ಚೀಟಿ ವ್ಯವಹಾರ ಎಂದು ಹೊರಗೇ ಇರುವವನು. ನನ್ನ ಜೊತೆ ಬಂದಿದ್ದವಳು ಭಾರತಿ, ವಿಜಯಪುರದ ಕಡೆಯ ಹುಡುಗಿ. ಅವಳು ಒಳಗೆ ಹೋದಳು. ನನ್ನದು ಜಗುಲಿ ಡ್ಯೂಟಿ.

ನಂಜಮ್ಮ ಜಗುಲಿಯ ಅಂಚಿನಲ್ಲಿ ಒಂದೇ ಕಡೆ ಭಾರ ಹಾಕಿ ವಾರೆಯಾಗಿ ಕೂತರು. ನಾನು ಎಂದಿನಂತೆ ಸೂಲಗಿತ್ತಿಯ ಪ್ರಶ್ನೆ ತೆಗೆದೆ. ಆಕೆ ಆಸಕ್ತಿ ತೋರಿಸಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಅದೆಲ್ಲ ಇರ್ಲಿ ಕಣಮ್ಮಾ. ನೀವು ಡಾಕ್ಟ್ರ ಕಡೆಯೋರಲ್ವಾ? ನಮ್ ಹುಡ್ಗಿಗೆ ತಿಂಗ್ಳು ಬಂದ್ರೆ ನಿಲ್ಲೋದೇ ಇಲ್ಲ. ಮುಖ ನೋಡು, ಸುಣ್ಣ ಬಳ್ದಂಗೆ ಆಗದೆ. ಬಳಪ ತಿಂತಾಳೆ."

"ಬಳಪಾನಾ?"

"ಹೂಂ. ಮನೇಲಿ ಸ್ಲೇಟ್ ಹಿಡಿಯೋ ಮಗ ಇಲ್ಲ, ಬಳಪದ ಡಬ್ಬಿ ಖಾಲಿ ಆಯ್ತಾ ಇರ್ತದೆ. ನಂಗೆ ಗೊತ್ತಿಲ್ಲ ಅನ್ಕೊಂಡವ್ಳೆ. ನಾನ್ ಕೇಳಿದ್ರೆ, ಅತ್ತೆ ಎಲ್ಲಾದಕ್ಕೂ ಬಂದ್ಲು ಅಂತಾಳೆ. ನೀವೇ ಕೇಳ್ರಮ್ಮ. ನಾನ್ ಹೇಳ್ದೆ ಅನ್ಬೇಡಿ."

ರಕ್ತ ಕಡಿಮೆಯಾದ ಹೆಂಗಸರಿಗೆ ಮಣ್ಣು, ಬಳಪ ತಿನ್ನುವ ಚಪಲ ಬರುವುದು ನಮಗೆ ತಿಳಿದದ್ದೇ. ಆದರೆ ಜಗುಲಿಯ ಮೇಲೆ ಇಂಥ ಮಾತು ನಾನು ಕೇಳಿರಲಿಲ್ಲ. ಕೆಲಸ ಮುಗಿಸಿ ಬೇಕರಿಯ ಮುಂದೆ ಟೀ ಹಿಡಿದು ನಿಂತಾಗಲೂ ಅದೇ ತಲೆಯಲ್ಲಿತ್ತು. ಭಾರತಿ ತಾನೇ ಶುರು ಮಾಡಿದಳು.

"ಅಕ್ಕಾರ, ಇವತ್ತಿನ ಇಂಟರ್‌ವ್ಯೂ ಭಾಳ ವಿಚಿತ್ರ ಆತ್ರಿ. ಆಕಿ ತನ್ನದೇನೂ ಸರಿಯಾಗಿ ಹೇಳ್ಲಿಲ್ಲ. ಬರೇ ಅತ್ತಿ ಸುದ್ದಿನ."

"ಬೈದಳಾ?"

"ಇಲ್ರಿ. ಅತ್ತಿಗೆ ಗರ್ಭಕೋಶ ಕೆಳಗ ಇಳದೈತ್ರಿ. ಭಾಳ ವರ್ಷದಿಂದ ಐತಂತ. ಬಟ್ಟಿ ಕಟ್ಟಿಕೊಂಡು ಹಸೂಂದು ಎಲ್ಲಾ ಕೆಲಸ ಮಾಡ್ತಾರಂತ. ಮಷಿನ್ ಇದ್ರೂ ತಮ್ಮ ಸೀರಿ ತಾವ ಒಗಕೊಂತಾರಂತ, ಸೊಸಿಗೆ ಗೊತ್ತಾಗಬಾರ್ದು ಅಂತ. ನಾ ಹೆಂಗ ಕೇಳ್ಲಿ, ನೀವ ಕೇಳ್ರಿ, ನನ್ ಹೆಸರು ಹೇಳಬ್ಯಾಡ್ರಿ ಅಂದ್ಲು."

ನಾನು ಜಗುಲಿಯ ಮಾತು ಹೇಳಿದೆ. ಇಬ್ಬರಿಗೂ ಮೊದಲು ನಗು ಬಂತು. ಆಮೇಲೆ ನಗು ನಿಂತಿತು. ಇಷ್ಟು ವರ್ಷ ಅತ್ತೆ ಸೊಸೆಯನ್ನು ಬೇರೆ ಬೇರೆ ಕೂರಿಸಿದ್ದು ಅತ್ತೆಯ ಕಿವಿ ತಪ್ಪಿಸಿ ಸೊಸೆ ತನ್ನ ಮಾತು ಹೇಳಲಿ ಎಂದು. ಇಲ್ಲಿ ಸಿಕ್ಕ ಅವಕಾಶವನ್ನೆಲ್ಲ ಇಬ್ಬರೂ ಇನ್ನೊಬ್ಬರಿಗಾಗಿ ಖರ್ಚು ಮಾಡಿದ್ದರು. ನಡುವೆ ಇದ್ದದ್ದು ಒಂದು ಬಾಗಿಲು, ಆ ಬಾಗಿಲು ಕಾಯುವವರು ನಾವು.

ಮೇಡಂ ಹತ್ತಿರ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಸೊಸೆಗೆ ಆಸ್ಪತ್ರೆಗೆ ಚೀಟಿ ಕೊಡಿ. ಅವಳು ನಮ್ಮ ಅಧ್ಯಯನದಲ್ಲಿದ್ದಾಳೆ" ಎಂದರು.

"ಮತ್ತೆ ನಂಜಮ್ಮ?"

"ಅವರು ಇಲ್ಲ."

"ಅವರ ಕಾಯಿಲೆ ಇದೆಯಲ್ಲ ಮೇಡಂ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರೋಜಾ, ಹೋಗಿ ಹೇಳ್ತೀರಿ ಅಂತಿಟ್ಕೊಳ್ಳಿ. ನಿಮ್ಮ ಸೊಸೆ ಹೀಗಂದಳು ಅಂತ. ಇಷ್ಟು ವರ್ಷ ಬಚ್ಚಿಟ್ಟದ್ದನ್ನ ಸೊಸೆ ಯಾರೋ ಬೀದೀಲಿ ಹೋಗೋರ ಹತ್ರ ಹೇಳಿದಳು ಅಂತ ಆ ತಾಯಿಗೆ ಅನ್ನಿಸಿದರೆ? ಕಾಮಾಕ್ಷಿಪಾಳ್ಯದ ಹುಡುಗಿ ನಿಮಗೆ ಮರೆತುಹೋಯ್ತಾ?"

ಮರೆತಿರಲಿಲ್ಲ. ಅದಕ್ಕೇ ಸಂಕಟ. ಅವರ ಮಾತು ಸರಿಯಾಗಿತ್ತು, ನನ್ನದೂ ಸರಿಯಾಗಿತ್ತು, ನಂಜಮ್ಮ ಮಾತ್ರ ಬಟ್ಟೆ ಕಟ್ಟಿಕೊಂಡು ಹುಲ್ಲು ಹೊರುತ್ತಿದ್ದರು. ಆ ವಾರವೆಲ್ಲ ನನಗೆ ಈ ಕೆಲಸವೇ ಬೇಡವೆನಿಸಿತ್ತು. ಕೇಳಿಕೊಂಡು ಬರುವುದು, ಬಂದು ಕಂಪ್ಯೂಟರಿಗೆ ತುಂಬುವುದು, ಬಾಯಿ ಮುಚ್ಚಿಕೊಳ್ಳುವುದು. ಬಾವಿಗೆ ಬಿದ್ದವರನ್ನು ಬಗ್ಗಿ ನೋಡಿ ನೀರು ಎಷ್ಟು ಆಳವಿದೆ ಎಂದು ಕೇಳಿ ಹೋದ ಹಾಗೆ.

ದಾರಿ ಹೊಳೆದದ್ದು ಬಸ್ಸಿನಲ್ಲಿ. ಒಂದು ಕಡೆಯ ಮಾತು ಇನ್ನೊಂದು ಕಡೆಗೆ ಒಯ್ಯಬಾರದು, ಸರಿ. ಆದರೆ ಜಗುಲಿಯ ಮಾತನ್ನು ಜಗುಲಿಗೇ ವಾಪಸು ಕೊಡಬಾರದು ಎಂದು ಯಾರೂ ಹೇಳಿರಲಿಲ್ಲ. ಸೊಸೆಯ ಕಾಯಿಲೆ ಹೇಳಿದವರು ನಂಜಮ್ಮ. ಅದರ ಬಗ್ಗೆ ನಂಜಮ್ಮನ ಹತ್ತಿರ ಮಾತಾಡಿದರೆ ಗುಟ್ಟು ಎಲ್ಲಿ ಒಡೆಯಿತು? ಒಳಗೆ ಶೋಭಾ ಹೇಳಿದ್ದಕ್ಕೂ ಇದೇ ಲೆಕ್ಕ. ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರು, "ನಾನು ಬೇಡ ಅನ್ನಲ್ಲ" ಎಂದರು. ಅವರ ಬಾಯಲ್ಲಿ ಅದು ಆಶೀರ್ವಾದ.

ಮತ್ತೆ ಉಲ್ಲಾಳಕ್ಕೆ ಹೋದೆವು. ಜಗುಲಿಯ ಮೇಲೆ ನಂಜಮ್ಮನಿಗೆ, "ಸೊಸೇನ ನೀವೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ, ಸೋಮವಾರ ಹೆಂಗಸರ ಡಾಕ್ಟರು ಇರ್ತಾರೆ, ನಾನು ಗೇಟಲ್ಲಿ ಇರ್ತೀನಿ" ಎಂದೆ.

"ನಾನ್ ಕರೆದ್ರೆ ಬರ್ತಾಳಾ?"

"ನಿಮ್ಮ ಜೊತೆಗೆ ಬಾ ಅಂತ ಕರೀರಿ. ಒಬ್ಬಳೇ ಹೋಗಕ್ಕಾಗಲ್ಲ ಅನ್ನಿ."

ಒಳಗೆ ಭಾರತಿ ಶೋಭಾಗೆ ಚೀಟಿ ಕೊಟ್ಟು, ಅತ್ತೆಯನ್ನೂ ಅದೇ ಸೋಮವಾರ ಜೊತೆಗೆ ಕರೆತರಲು ಹೇಳಿದ್ದಳು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಿಳಿಯದು. ಮನೆಗೆ ಬಂದರೆ ನನಗೆ ಅನ್ನ ಸೇರಲಿಲ್ಲ. ಅಲ್ಲೇನಾದರೂ ಜಗಳವಾಗಿ, ಎಲ್ಲಿಂದ ಬಂತು ಈ ಮಾತು ಎಂದು ಹುಡುಕಿದರೆ, ಎರಡು ಕಡೆಯ ದಾರವೂ ನಮ್ಮ ಕೈಗೇ ಬಂದು ನಿಲ್ಲುತ್ತಿತ್ತು.

ಸೋಮವಾರ ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದೆ. ಹೊತ್ತು ಏರಿತು, ಅವರ ಸುಳಿವಿಲ್ಲ. ಇನ್ನು ಬರುವುದಿಲ್ಲ ಎಂದು ಬ್ಯಾಗ್ ಹೆಗಲಿಗೇರಿಸಿದಾಗ ಒಂದು ಆಟೋ ಬಂದು ನಿಂತಿತು. ಶೋಭಾ ಮೊದಲು ಇಳಿದು ಅತ್ತೆಗೆ ಕೈ ಕೊಟ್ಟಳು. ನಂಜಮ್ಮ ಇಳಿದು ಸೊಸೆಯ ತೋಳು ಹಿಡಿದುಕೊಂಡರು. ಇಬ್ಬರೂ ನನ್ನನ್ನು ನೋಡಿ, ಇನ್ನೊಬ್ಬರಿಗೆ ಕಾಣದಂತೆ, ಕರೆತಂದೆ ನೋಡಿ ಎಂಬ ಹಾಗೆ ಕಣ್ಸನ್ನೆ ಮಾಡಿದರು.

ಚೀಟಿ ಬರೆಯುವ ಕೌಂಟರಿನಲ್ಲಿ ಕೂತಿದ್ದ ಗುಮಾಸ್ತೆ ತಲೆ ಎತ್ತದೆ, "ಪೇಶೆಂಟ್ ಯಾರು?" ಎಂದಳು.

"ಇವ್ಳು" ಎಂದರು ನಂಜಮ್ಮ.

"ಇವ್ರು" ಎಂದಳು ಶೋಭಾ.

ಇಬ್ಬರ ಬೆರಳೂ ಎದುರುಬದುರು ನಿಂತವು. ಗುಮಾಸ್ತೆ ತಲೆ ಎತ್ತಿ, "ಏನ್ರೀ ತಮಾಷೆ, ಹಿಂದೆ ಲೈನ್ ಇದೆ" ಎಂದಳು. ನಂಜಮ್ಮ ಸೊಸೆಯ ಮುಖ ನೋಡಿದರು. ಶೋಭಾ ತಲೆ ತಗ್ಗಿಸಿದಳು.

"ಯಾರ್ ಹೇಳಿದ್ರೇ ನಿಂಗೆ?" ಎಂದರು ನಂಜಮ್ಮ.

"ಯಾರೂ ಹೇಳಿಲ್ಲ ಅತ್ತೆ. ಒಂದೇ ಮನೇಲಿ ಇದೀವಿ. ಕಣ್ಣಿಲ್ವಾ ನಂಗೆ?" ಆಮೇಲೆ ಅವಳೇ ಕೇಳಿದಳು. "ನನ್ದು ನಿಮ್ಗೆ ಹೆಂಗ್ ಗೊತ್ತಾಯ್ತು?"

"ಬಳಪ ಕಣೇ. ಬಾಯಿ ಒರೆಸ್ಕೊಂಡ್ರೆ ಆಯ್ತಾ? ಸೆರಗೆಲ್ಲ ಬೆಳ್ಳಗಿರ್ತದೆ."

ಇಬ್ಬರಿಗೂ ಬೇರೆ ಬೇರೆ ಚೀಟಿ ಬರೆಸಿದೆ. ಬೆಂಚಿನ ಮೇಲೆ ಪಕ್ಕಪಕ್ಕ ಕೂತರು. ನಂಜಮ್ಮ ಮಡಿಲಿನಿಂದ ಎಲೆ ಅಡಿಕೆ ತೆಗೆದು, ಸೊಸೆಯ ಕಡೆ ಹಿಡಿದರು. ಬಳಪದ ಬದಲು ಇದನ್ನಾದರೂ ಅಗಿ ಎಂದಿರಬೇಕು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎಂದುಕೊಂಡರೆ ಈ ಕೆಲಸ ನಿಮಗೆ ಇನ್ನೂ ಅರ್ಥವಾಗಿಲ್ಲ. ಶೋಭಾಗೆ ಗರ್ಭಕೋಶದಲ್ಲಿ ಗಡ್ಡೆ ಇತ್ತು. ಅದಕ್ಕೆ ಬೇಗ ಚಿಕಿತ್ಸೆಯಾಯಿತು. ಮಗ ತಾನೇ ಓಡಾಡಿದ. ಇನ್ನೂ ಮಕ್ಕಳಾಗಬೇಕಾದ ಸೊಸೆಯ ಗರ್ಭಕೋಶಕ್ಕೆ ಮನೆಯಲ್ಲಿ ಬೆಲೆಯಿತ್ತು. ನಂಜಮ್ಮನಿಗೆ ಆಪರೇಷನ್ ಆಗಬೇಕು ಎಂದ ಡಾಕ್ಟರು ಅಲ್ಲಿಯವರೆಗೆ ಗರ್ಭಕೋಶ ಜಾರದಿರಲಿ ಎಂದು ಒಳಗೊಂದು ರಿಂಗ್ ಹಾಕಿ ಕಳಿಸಿದರು. ಆಪರೇಷನ್ ಮುಂದೆ ಹೋಯಿತು. ಮೊದಲು ಹಸು ಗಬ್ಬ ಇದೆ ಎಂದರು. ಆಮೇಲೆ ಬಿಲ್ಡಿಂಗಿಗೆ ಇನ್ನೊಂದು ಫ್ಲೋರು. ಆಮೇಲೆ ಪಿತೃಪಕ್ಷ. "ಇಷ್ಟ್ ವರ್ಷ ಇತ್ತಲ್ಲಮ್ಮ, ಇನ್ನ ನಾಕ್ ದಿನ" ಎಂದು ಮಗ ನನಗೇ ಫೋನಿನಲ್ಲಿ ಸಮಾಧಾನ ಹೇಳಿದ. ನಮ್ಮ ಅಧ್ಯಯನ ಮುಗಿದುಹೋಯಿತು, ನನಗೆ ಇನ್ನು ಫೋನ್ ಮಾಡಲು ನೆಪವೂ ಉಳಿಯಲಿಲ್ಲ.

ಕೊನೆಗೆ ಶೋಭಾಳೇ ಗಂಡನ ಎದುರು ನಿಂತು ಹಸುವನ್ನು ಮಾರಿಸಿದಳಂತೆ. "ಹಸು ಇರೋವರ್ಗೂ ನಿಮ್ಮಮ್ಮ ಆಸ್ಪತ್ರೆಗೆ ಬರಲ್ಲ, ನೀವೂ ಕಳ್ಸಲ್ಲ" ಎಂದಳಂತೆ. ಹಸು ಹೋದ ದಿನ ನಂಜಮ್ಮ ಅತ್ತು, ಸೊಸೆಯನ್ನು ಬಾಯಿಗೆ ಬಂದಂತೆ ಬೈದು, ಮಾರನೇ ವಾರ ಆಸ್ಪತ್ರೆ ಸೇರಿದರು. ನಾನು ನೋಡಲು ಹೋದಾಗ ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದರು. ಅವರು ವಾರೆಯಾಗಿ ಕೂರದೆ ಇದ್ದದ್ದನ್ನು ನಾನು ಮೊದಲ ಸಲ ಕಂಡದ್ದು ಅವತ್ತೇ.

ಆಮೇಲೆ ನಾನು ಮೇಡಂಗೆ ದುಂಬಾಲು ಬಿದ್ದೆ. ಜಗುಲಿಯ ಪ್ರಶ್ನೆಗಳನ್ನು ನಿಜವಾದ ಪ್ರಶ್ನೆ ಮಾಡೋಣ, ಅವರ ಉತ್ತರವನ್ನೂ ಬರೆದುಕೊಳ್ಳೋಣ ಎಂದೆ. ಮೇಡಂ ತಾವೂ ಮೇಲಿನವರಿಗೆ ಬರೆದರು. ಮುಂದಿನ ಸಲ ನೋಡೋಣ ಎಂಬ ಉತ್ತರ ಬಂತು. ಮುಂದಿನ ಸಲವೂ ಅದೇ ಉತ್ತರ. ಅಷ್ಟರಲ್ಲಿ ಮೇಡಂ ನಿವೃತ್ತರಾದರು, ಸ್ವಲ್ಪ ಕಾಲಕ್ಕೆ ನಾನೂ. ನನಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಉಲ್ಲಾಳದ್ದು ಒಂದು ಮನೆ. ಕೆಂಗೇರಿಯಿಂದ ರಾಜಾಜಿನಗರದವರೆಗೆ ನಾನು ಜಗುಲಿಯ ಮೇಲೆ ಕೂರಿಸಿದ ಉಳಿದ ಹೆಂಗಸರು ಹೇಳಿದ್ದು ಎಲ್ಲಿ ಹೋಯಿತು? ನನಗೆ ಈಗ ನೆನಪೂ ಆಗುವುದಿಲ್ಲ. ಆಯಾಸವಾಗುವುದು ಇದಕ್ಕೇ, ಕಾಲು ನೋವಿಗಲ್ಲ.

ನಿವೃತ್ತಿಯ ನಂತರ ನಾನು ಮಗ ಸೊಸೆಯ ಜೊತೆ ವಿಜಯನಗರದ ಮನೆಯಲ್ಲೇ ಇದ್ದೇನೆ. ಸೊಸೆ ಸುಮಾ ಬಸವೇಶ್ವರನಗರದ ಒಂದು ಸ್ಕೂಲಿನಲ್ಲಿ ಟೀಚರ್. ಇತ್ತೀಚೆಗೆ ಒಂದು ಶನಿವಾರ ಮಧ್ಯಾಹ್ನ ಇಬ್ಬರು ಹುಡುಗಿಯರು ಗೇಟು ತಟ್ಟಿದರು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಟ್ಯಾಬು, ಬಿಸಿಲಿಗೆ ಕಪ್ಪಾದ ಮೂಗು. ನೋಡಿದ ಕೂಡಲೇ ತಿಳಿಯಿತು. ಒಬ್ಬಳು ಸುಮಾಳನ್ನು ಕೇಳಿಕೊಂಡು ಒಳಗೆ ಹೋದಳು. ಇನ್ನೊಬ್ಬಳು ನನ್ನ ಕಡೆ ತಿರುಗಿ, "ಆಂಟಿ, ನಿಮ್ಮ ಹತ್ರಾನೂ ಸ್ವಲ್ಪ ಕೇಳೋದಿದೆ. ಇಲ್ಲಿ ಗಾಳಿ ಚೆನ್ನಾಗಿದೆ, ಬನ್ನಿ" ಎಂದಳು.

ನಾನು ಮೆಟ್ಟಿಲ ಮೇಲೆ ಕೂತೆ. ನಮ್ಮ ಮನೆಗೆ ಜಗುಲಿ ಇಲ್ಲ.

"ನಿಮ್ಮ ಕಾಲದಲ್ಲಿ ಹೆರಿಗೆ ಹೇಗಿತ್ತು ಆಂಟಿ?"

ನಾನೇ ಕಟ್ಟಿದ ಪ್ರಶ್ನೆ. ಒಂದಕ್ಷರ ಬದಲಾಗಿರಲಿಲ್ಲ. ಯಾರ್ಯಾರ ಬಾಯಿ ದಾಟಿ ಬಂದಿತ್ತೋ. ಹುಡುಗಿಯ ಟ್ಯಾಬಿನ ಪರದೆ ಕಪ್ಪಗಿತ್ತು. ಬೆರಳು ಮಾತ್ರ ಅದರ ಮೇಲೆ ಆಡುತ್ತಿತ್ತು. ನಗು ಬಂತು, ತೋರಿಸಿಕೊಳ್ಳಲಿಲ್ಲ. ಒಳಗಿನ ಹುಡುಗಿಗೆ ಸಮಯ ಬೇಕು ಎಂದು ನನಗೆ ಗೊತ್ತಿತ್ತಲ್ಲ, ಅಂಟಿನುಂಡೆಯಿಂದ ಹಿಡಿದು ಬಾಣಂತಿಯ ನೀರಿನವರೆಗೆ ಎಲ್ಲವನ್ನೂ ನಿಧಾನವಾಗಿ ಹೇಳಿದೆ. ನಡುವೆ ಎದ್ದು ಒಂದು ಚೊಂಬು ನೀರು ತಂದು ಕೊಟ್ಟೆ. "ಪೂರ್ತಿ ಕುಡಿಯಮ್ಮ. ಬಚ್ಚಲು ಆ ಕಡೆ ಇದೆ, ಹೋಗಿ ಬಂದೇ ಮುಂದಿನ ಮನೆಗೆ ಹೋಗು" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

ಅವರು ಹೋದ ಮೇಲೆ ಸುಮಾ ಹೊರಗೆ ಬಂದು ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ಸೊಪ್ಪಿನ ಗಾಡಿ ಕೂಗುತ್ತಿತ್ತು.

"ಅತ್ತೆ, ಸೋಮವಾರ ನಾನು ರಜಾ ಹಾಕ್ತೀನಿ. ಆಸ್ಪತ್ರೆಗೆ ಹೋಗ್ಬರೋಣ."

"ಯಾಕೆ, ನಿಂಗೇನಾಯ್ತು?"

"ನಂಗಲ್ಲ." ಅವಳು ನನ್ನ ಕಡೆ ನೋಡದೆ ಬೀದಿ ನೋಡುತ್ತ ಹೇಳಿದಳು. "ಕೆಮ್ಮಿದ್ರೆ ಎದ್ದು ಹೋಗ್ತೀರಾ. ಮದುವೆ ಮುಂಜಿ ಅಂದ್ರೆ ಬರಲ್ಲ ಅಂತೀರಾ, ಬಸ್ ಹತ್ತಲ್ಲ. ನಿಮ್ಮ ಸೀರೆ ಮಷಿನ್‌ಗೆ ಹಾಕಕ್ಕೆ ಬಿಡಲ್ಲ. ಎಷ್ಟು ದಿನದಿಂದ ಹೇಳೋಣ ಅನ್ಕೊಂಡೆ, ನೀವೇನ್ ಅನ್ಕೋತೀರೋ ಅಂತ."

ಎಷ್ಟೋ ವರ್ಷ ನೀರು ಕುಡಿಯುವುದು ಬಿಟ್ಟು, ತಡೆದು ತಡೆದು, ಮೂತ್ರದ ಹಿಡಿತವೇ ತಪ್ಪಿಹೋಗಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಬೀದಿಬೀದಿಯ ಹೆಂಗಸರ ಬಾಯಿ ಬಿಡಿಸಿದವಳಿಗೆ ತನ್ನ ಬಾಯಿ ಬಿಡಿಸಲು ಬಂದಿರಲಿಲ್ಲ. ಅಳು ಬಂತು, ಅತ್ತುಬಿಟ್ಟೆ.

"ಆ ಹುಡುಗೀಗೂ ಇದನ್ನೇ ಹೇಳಿದ್ಯಾ?" ಎಂದೆ ಕೊನೆಗೆ.

"ಹೂಂ. ಅವಳು ಏನೇನೋ ಕೇಳಿದಳು, ನಂಗೆ ಹೇಳ್ಬೇಕಾಗಿದ್ದು ಇದೊಂದೇ."

ಸೋಮವಾರ ಹೋದೆವು. ಅದೇ ಆಸ್ಪತ್ರೆ. ಆ ಕೌಂಟರಿಗೆ ನಾನು ಎಷ್ಟು ಹೆಂಗಸರನ್ನು ಕರೆದುಕೊಂಡು ಹೋಗಿದ್ದೆನೋ, ಲೆಕ್ಕವಿಲ್ಲ. ಗುಮಾಸ್ತೆ ಬದಲಾಗಿದ್ದಳು, ತಲೆ ಎತ್ತದೆ ಕೇಳುವ ಅಭ್ಯಾಸ ಬದಲಾಗಿರಲಿಲ್ಲ.

"ಪೇಶೆಂಟ್ ಯಾರು?"

ನನ್ನ ಬೆರಳು ಹಳೇ ರೂಢಿಯಂತೆ ಪಕ್ಕದವಳ ಕಡೆ ಎದ್ದಿತ್ತು. ಸುಮಾ ಅದನ್ನು ನೋಡಿದಳು, ಕಾದಳು. ನಾನು ಕೈ ಇಳಿಸಿದೆ.

"ನಾನೇ ಕಣಮ್ಮಾ" ಎಂದೆ.